ಐವತ್ತು ಸಿಸಿಯ ಪರವಾನಗಿ

ನಮ್ಮ ಕಡೆಯ ಇತಿಹಾಸ ತಿಳಿಯಬೇಕಾದರೆ ಗಾಡಿಗಳ ನಂಬರ್ ಪ್ಲೇಟ್ ನೋಡಿದರೆ ಸಾಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಯ ಸಂತೆಗಳಲ್ಲಿ ನಿಂತ ಗಾಡಿಗಳಲ್ಲಿ ಹೆಚ್ಚಿನವು ಕೆಎ 35, ಅಂದರೆ ಹೊಸಪೇಟೆಯವು. ನಡುವೆ ಬಳ್ಳಾರಿಯ ಕೆಎ 34 ಇಣುಕುತ್ತದೆ. ಹರಪನಹಳ್ಳಿಗೆ ಹೋದರೆ ದಾವಣಗೆರೆಯ ಕೆಎ 17. ಆ ತಾಲ್ಲೂಕು 1997ರಲ್ಲಿ ಬಳ್ಳಾರಿ ಬಿಟ್ಟು ಹೊಸದಾಗಿ ಆದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ಉಳಿದವರ ಜೊತೆ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಮೂರು ಸಲ ಬದಲಾದರೂ ಗಾಡಿಯ ನಂಬರ್ ಅದೇ ಉಳಿಯಿತು.

ಈ ಐದು ತಾಲ್ಲೂಕುಗಳನ್ನು ನಿಜವಾಗಿ ಒಂದು ಮಾಡಿದ್ದು ಮೊಪೆಡ್ ಎಂದು ನನಗೆ ಅನಿಸುತ್ತದೆ. ಹಡಗಲಿಯ ಮಲ್ಲಿಗೆ ಬುಟ್ಟಿ, ಹಾಲಿನ ಕ್ಯಾನು, ಶೇಂಗಾ ಚೀಲ, ಐಸ್‌ಕ್ಯಾಂಡಿ ಡಬ್ಬ, ಮಂಡಕ್ಕಿ ಮೂಟೆ, ಕಾಲು ಕಟ್ಟಿದ ಕುರಿಮರಿ, ಇವೆಲ್ಲ ಮೊಪೆಡ್ ಮೇಲೆ ಓಡಾಡಿದವು. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದ ಪಾದಯಾತ್ರೆ ಬರುವವರ ಪಕ್ಕದಲ್ಲಿ ನೀರಿನ ಕ್ಯಾನ್ ಕಟ್ಟಿಕೊಂಡು ನಿಧಾನಕ್ಕೆ ಸಾಗುವುದೂ ಮೊಪೆಡ್ಡೇ. ಪುಣೆಯ ಕೈನೆಟಿಕ್ ಕಂಪನಿ 1972ರಲ್ಲಿ ಲೂನಾ ತಂದಿತು. ಅದರ ಮೂಲ ವಿನ್ಯಾಸ ಇಟಲಿಯ ಪಿಯಾಜಿಯೊ ಕಂಪನಿಯ ಚಾವೊ ಎಂಬ ಮೊಪೆಡ್‌ನದು. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂತು, ಇಬ್ಬರು ಕೂರುವ ಮೊಪೆಡ್ ಎಂದು ಹೆಸರಾಯಿತು. ಇಬ್ಬರು ಎಂಬುದು ಕಂಪನಿಯ ಲೆಕ್ಕ. ನಮ್ಮ ಕಡೆ ಗಂಡ, ಹೆಂಡತಿ, ಮುಂದೆ ನಿಂತ ಮಗು, ಮಡಿಲಲ್ಲಿ ಇನ್ನೊಂದು, ಇಷ್ಟು ಸೇರಿದರೆ ಒಂದು ಟಿವಿಎಸ್.

ಇಷ್ಟೆಲ್ಲ ಗಾಡಿ ಓಡುತ್ತಿದ್ದ ಊರುಗಳಲ್ಲಿ ಲೈಸೆನ್ಸ್ ಎಂಬ ಮಾತು ಕೇಳುತ್ತಿದ್ದದ್ದು ಕಡಿಮೆ. ಗಾಡಿ ಹೊಡೆಯುವುದು ಈಜಿನ ಹಾಗೆ. ಅಣ್ಣನೋ ಮಾವನೋ ಹಿಂದೆ ಹಿಡಿದುಕೊಂಡು ಓಡಿ, ಒಂದು ಹಂತದಲ್ಲಿ ಕೈ ಬಿಡುತ್ತಿದ್ದರು. ಕೈ ಬಿಟ್ಟ ಮೇಲೂ ಬೀಳಲಿಲ್ಲ ಎಂದರೆ ಪರೀಕ್ಷೆ ಪಾಸು. "ಗಾಡಿ ಹೊಡಿಯಾಕ ಬರ್ತೈತಿಲ್ಲ, ಮತ್ತ ಲೈಸನ್ಸ್ ಯಾಕ ಬೇಕ್ಲೇ?" ಎಂದು ಕೇಳುವವರೇ ಎಲ್ಲರೂ. ಅದು ಪೊಲೀಸರಿಗೆ ತೋರಿಸುವ ಕಾಗದ. ಪೊಲೀಸರು ನಿಲ್ಲುವ ರಸ್ತೆಗೆ ಹೋಗದಿದ್ದರೆ ಕಾಗದದ ಕೆಲಸವೂ ಇಲ್ಲ.

ನನಗೆ ಮಾತ್ರ ಗಾಡಿ ಕೈಗೆ ಸಿಗುವ ಮೊದಲೇ ಲೈಸೆನ್ಸ್ ಮಾತು ಬಂತು. ಅದಕ್ಕೆ ಕಾರಣ ನನ್ನ ಅಕ್ಕ.

ನಮ್ಮ ಹಳ್ಳಿ ಕೊಟ್ಟೂರಿನಿಂದ ಕೂಡ್ಲಿಗಿ ಕಡೆಗೆ, ಡಾಂಬರು ರಸ್ತೆ ಬಿಟ್ಟು ಸ್ವಲ್ಪ ಒಳಗೆ. ಆಗ ದಿನಕ್ಕೆ ಎರಡು ಬಸ್ಸು. ಬೆಳಗಿನದು ಕಾಲೇಜು ತೆರೆಯುವುದಕ್ಕೆ ಬಹಳ ಮೊದಲು ಹೋಗುತ್ತಿತ್ತು, ಸಂಜೆಯದು ಕತ್ತಲಾದ ಮೇಲೆ ಬರುತ್ತಿತ್ತು. ಅಕ್ಕ 1995ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದಳು, ಒಳ್ಳೆಯ ಅಂಕವೇ ಬಂದಿತ್ತು. ಆದರೆ ಬಸ್ಸಿನ ಹೊತ್ತು ಹೊಂದಲಿಲ್ಲ ಎಂಬ ಒಂದೇ ಕಾರಣಕ್ಕೆ ಓದು ನಿಂತಿತು. ಯಾರೂ ಅವಳಿಗೆ ಓದಬೇಡ ಎನ್ನಲಿಲ್ಲ. ಜೂನ್ ತಿಂಗಳು ಬಂತು, ಹೋಯಿತು, ಮಾರನೆಯ ವರ್ಷ ಹರಪನಹಳ್ಳಿಗೆ ಮದುವೆ ಮಾಡಿ ಕೊಟ್ಟರು. ನಮ್ಮ ಕಡೆ ಎಷ್ಟೋ ಹುಡುಗಿಯರ ಓದು ಹೀಗೆಯೇ, ಯಾರ ವಿರೋಧವೂ ಇಲ್ಲದೆ, ಟೈಮ್‌ಟೇಬಲ್ಲಿನಲ್ಲಿ ನಿಂತುಹೋಗಿದೆ.

ನನ್ನ ಸರದಿ 1997ರಲ್ಲಿ ಬಂತು. ನನಗೆ ಸೈನ್ಸ್ ಬೇಕಿತ್ತು. ಅಪ್ಪನ ಹತ್ತಿರ ಒಂದು ಲೂನಾ ಇತ್ತು, ಗೊಬ್ಬರದ ಅಂಗಡಿಗೂ ಹೊಲಕ್ಕೂ ಓಡಾಡಿ ಬಣ್ಣ ಬಿಟ್ಟದ್ದು. ಅದನ್ನು ನನಗೆ ಬಿಟ್ಟುಕೊಟ್ಟು ತಾನು ಸೈಕಲ್ ಹಿಡಿಯುತ್ತೇನೆ ಎಂದು ಅಪ್ಪ ಒಂದು ದಿನ ಊಟದ ಹೊತ್ತಿನಲ್ಲಿ ಹೇಳಿದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಹುಡುಗಿ ಒಬ್ಬಳೇ ಲೂನಾ ಮೇಲೆ ಕೊಟ್ಟೂರಿಗೆ ಹೋಗಿ ಬರುವುದನ್ನು ನಮ್ಮೂರು ಅಲ್ಲಿಯವರೆಗೆ ನೋಡಿರಲಿಲ್ಲ. ಅಪ್ಪ ಆಗ ಹೇಳಿದ ಮಾತು ಇವತ್ತಿಗೂ ಹಾಗೇ ನೆನಪಿದೆ: "ಗಂಡುಹುಡುಗ್ರಿಗೆ ಲೈಸನ್ಸು ಪೊಲೀಸ್ರಿಗೆ ತೋರ್ಸಾಕ. ನಿನಗ ಊರಿಗೆ ತೋರ್ಸಾಕ. ಮೊದ್ಲು ಅದನ್ನ ಮಾಡ್ಸೋಣು."

ಕಾನೂನಿನಲ್ಲಿ ಅದಕ್ಕೆ ದಾರಿ ಇತ್ತು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಗಾಡಿ ಓಡಿಸಲು 18 ವರ್ಷ ಆಗಿರಬೇಕು. ಆದರೆ ಅದರಲ್ಲೇ ಒಂದು ವಿನಾಯಿತಿ ಇದೆ, 16 ತುಂಬಿದವರು ಸಣ್ಣ ಗಾಡಿ ಓಡಿಸಬಹುದು. ಮೊದಲು ಆ ಸಣ್ಣ ಗಾಡಿಯನ್ನು 'ಗೇರ್ ಇಲ್ಲದ ಮೋಟಾರ್ ಸೈಕಲ್' ಎಂದು ಬರೆದಿದ್ದರು. 1994ರ ತಿದ್ದುಪಡಿಯಲ್ಲಿ ಅದನ್ನು ಬದಲಿಸಿ, ಎಂಜಿನ್ 50 ಸಿಸಿ ಮೀರಬಾರದು ಎಂದು ಮಾಡಿದರು. 18 ತುಂಬದವರಿಗೆ ಕಲಿಕಾ ಲೈಸೆನ್ಸ್ ಕೊಡಲು ತಂದೆ ತಾಯಿ ಅಥವಾ ಪೋಷಕರ ಲಿಖಿತ ಒಪ್ಪಿಗೆ ಬೇಕು. ಅಪ್ಪನ ಲೂನಾ 50 ಸಿಸಿಯದು. ನನಗೆ ಫೆಬ್ರವರಿಯಲ್ಲಿ 16 ತುಂಬಿತ್ತು. ಅಪ್ಪ ಒಪ್ಪಿಗೆಯ ಕಾಗದದ ಕೆಳಗೆ ಇಂಗ್ಲಿಷಿನಲ್ಲಿ ಸಹಿ ಮಾಡಿದ. ಬ್ಯಾಂಕಿನ ಸಾಲದ ಕಾಗದಕ್ಕೆ ಬಿಟ್ಟರೆ ಅಪ್ಪ ಇಂಗ್ಲಿಷ್ ಸಹಿ ಹಾಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕಲಿಕಾ ಲೈಸೆನ್ಸ್ ಆರು ತಿಂಗಳು ನಡೆಯುತ್ತದೆ, ಪಡೆದ 30 ದಿನ ಆದ ಮೇಲಷ್ಟೇ ಚಾಲನಾ ಪರೀಕ್ಷೆ. ಆ ಒಂದು ತಿಂಗಳು ಬೆಳಗಿನ ಜಾವ ಅಪ್ಪ ನನ್ನನ್ನು ಕಣದ ಹತ್ತಿರ ಕರೆದುಕೊಂಡು ಹೋಗುತ್ತಿದ್ದ. ಲೂನಾಕ್ಕೆ ಕಿಕ್ಕರ್ ಇರಲಿಲ್ಲ. ಸ್ಟ್ಯಾಂಡ್ ಹಾಕಿ ಸೈಕಲ್ಲಿನ ಹಾಗೆ ಪೆಡಲ್ ತುಳಿಯಬೇಕು, ಎಂಜಿನ್ ಕೆಮ್ಮಿ ಹೊತ್ತಿಕೊಂಡ ಮೇಲೆ ಮುಂದಕ್ಕೆ ತಳ್ಳಿ ಸ್ಟ್ಯಾಂಡ್ ತೆಗೆಯಬೇಕು. ಪೆಟ್ರೋಲಿಗೆ ಆಯಿಲ್ ಅಳತೆ ಮಾಡಿ ಬೆರೆಸಬೇಕು. ಓಡಣಿಯನ್ನು ಸೊಂಟಕ್ಕೆ ಎರಡು ಸುತ್ತು ಬಿಗಿದು ಗಂಟು ಹಾಕಬೇಕು, ಇಲ್ಲದಿದ್ದರೆ ಚಕ್ರಕ್ಕೆ ಸಿಕ್ಕುತ್ತದೆ. ಇಷ್ಟನ್ನೂ ಕತ್ತಲಲ್ಲೇ ಕಲಿತೆ. ಬೆಳಕು ಹರಿದು ಜನ ಹೊಲಕ್ಕೆ ಹೊರಡುವ ಹೊತ್ತಿಗೆ ನಾವು ಮನೆಯಲ್ಲಿರುತ್ತಿದ್ದೆವು. ಹುಡುಗ ಕಲಿಯುವಾಗ ಬಿದ್ದರೆ ಅದು ನಗುವ ವಿಷಯ. ಹುಡುಗಿ ಬಿದ್ದರೆ ಅದು ಪಂಚಾಯಿತಿಯ ವಿಷಯ. ಆದ್ದರಿಂದ ಊರಿಗೆ ನಾನು ಕಾಣಿಸಬೇಕಾದದ್ದು ಪೂರ್ತಿ ಕಲಿತ ಮೇಲೆ ಎಂಬುದು ಅಪ್ಪನ ಲೆಕ್ಕ.

ಪರೀಕ್ಷೆ ಹೊಸಪೇಟೆಯಲ್ಲಿ. ಅಪ್ಪ ಕತ್ತಲಿರುವಾಗಲೇ ಲೂನಾ ಹತ್ತಿ ಹೊರಟ. ನಾನು ಅವ್ವನ ಜೊತೆ ಬಸ್ಸಿನಲ್ಲಿ. ಹಗರಿಬೊಮ್ಮನಹಳ್ಳಿ ಮೇಲೆ ಹೋದರೆ ಹೊಸಪೇಟೆಗೆ ಎಪ್ಪತ್ತರ ಆಸುಪಾಸು ಕಿಲೋಮೀಟರ್. ಮರಿಯಮ್ಮನಹಳ್ಳಿ ದಾಟಿ ಎಡಕ್ಕೆ ತುಂಗಭದ್ರೆಯ ಹಿನ್ನೀರು ಕಾಣುವ ಹೊತ್ತಿಗೆ, ಲಾರಿಗಳ ಸಾಲಿನ ಪಕ್ಕದಲ್ಲಿ ರಸ್ತೆಯ ಅಂಚು ಹಿಡಿದು ಹೋಗುತ್ತಿದ್ದ ಅಪ್ಪನನ್ನು ಬಸ್ಸು ಹಿಂದೆ ಹಾಕಿತು. ತಲೆಗೆ ಟವೆಲ್ ಸುತ್ತಿಕೊಂಡಿದ್ದ. ಅವ್ವ ಕಿಟಕಿಯಿಂದ ಕೈ ಬೀಸಿದಳು, ಅವನು ನೋಡಲಿಲ್ಲ. ಅವನ ಕಣ್ಣು ರಸ್ತೆಯ ಮೇಲಿತ್ತು.

ಮೈದಾನದಲ್ಲಿ ಎಂಟರ ಆಕಾರದಲ್ಲಿ ಗಾಡಿ ತಿರುಗಿಸಲು ಹೇಳಿದರು. ಕಾಲು ನೆಲಕ್ಕೆ ತಾಗಬಾರದು. ಸುತ್ತ ನಿಂತಿದ್ದವರೆಲ್ಲ ಗಂಡಸರು. ಎಂಟು ಮುಗಿಯಿತು, ಕೈಸನ್ನೆ ಕೇಳಿದರು, ತೋರಿಸಿದೆ. ಕೆಲವು ದಿನಗಳ ನಂತರ ಪುಸ್ತಕದ ರೂಪದ ಪುಟ್ಟ ಲೈಸೆನ್ಸ್ ಬಂತು. ಅಪ್ಪ ಅದನ್ನು ಜೇಬಿನಲ್ಲಿಟ್ಟುಕೊಂಡು ಎರಡು ದಿನ ಊರೆಲ್ಲ ತಿರುಗಿದ. ಹೋಟೆಲ್ಲಿನಲ್ಲಿ, ಗುಡಿಯ ಕಟ್ಟೆಯಲ್ಲಿ, ಹಾಲಿನ ಡೈರಿಯಲ್ಲಿ ಮಾತಿನ ನಡುವೆ ತೆಗೆದು ತೋರಿಸಿದ. ಸರ್ಕಾರ ಒಪ್ಪಿದ ಮೇಲೆ ಊರು ಒಪ್ಪದೆ ಇರಲಾಗಲಿಲ್ಲ. ಪರವಾನಗಿ ಎಂಬ ಪದಕ್ಕೆ ಅಪ್ಪಣೆ ಎಂಬ ಅರ್ಥವಿದೆಯಲ್ಲ, ಅದನ್ನು ಅವನು ಅಕ್ಷರಶಃ ಬಳಸಿದ.

ಎರಡು ವರ್ಷ ಆ ಲೂನಾ ನನ್ನನ್ನು ಕೊಟ್ಟೂರಿಗೆ ಕರೆದುಕೊಂಡು ಹೋಗಿ ಕರೆತಂದಿತು. ಆ ಎರಡು ವರ್ಷದಲ್ಲಿ ನಾನು ಹೇಗೆ ಓಡಿಸಿದೆ ಎಂಬುದನ್ನು ಈಗ ಯೋಚಿಸಿದರೆ, ನೆಟ್ಟಗೆ ಮುಂದೆ ನೋಡಿಕೊಂಡು. ಯಾರಾದರೂ ಕೂಗಿದರೂ, ಹಿಂದಿನಿಂದ ಹುಡುಗರ ಗಾಡಿ ಹಾರ್ನ್ ಮಾಡುತ್ತ ಬಂದರೂ, ತಿರುಗಿ ನೋಡುವಂತಿಲ್ಲ. ಅದು ಅವ್ವ ಹಾಕಿದ ಒಂದೇ ಷರತ್ತು: "ಹಿಂದ ತಿರುಗಿ ನೋಡಬ್ಯಾಡ." ಹಿಂದೆ ತಿರುಗಿ ನೋಡುವ ಹುಡುಗಿಗೆ ನಮ್ಮ ಕಡೆ ಬೇರೆಯೇ ಅರ್ಥ ಹಚ್ಚುತ್ತಾರೆ. ಲೂನಾಕ್ಕೆ ಕನ್ನಡಿಯೂ ಇರಲಿಲ್ಲ. ಎರಡು ವರ್ಷ ನನ್ನ ಬೆನ್ನ ಹಿಂದೆ ಏನಾಗುತ್ತಿದೆ ಎಂಬುದನ್ನು ಸದ್ದಿನಿಂದಲೇ ಊಹಿಸಿಕೊಂಡು ಗಾಡಿ ಓಡಿಸಿದೆ.

ಪಿಯುಸಿ ಆದ ಮೇಲೆ ದಾವಣಗೆರೆಯಲ್ಲಿ ನರ್ಸಿಂಗ್ ಓದಿದೆ. ಆ ಹೊತ್ತಿಗೆ ಬ್ರಿಟನ್ನಿನ ಆಸ್ಪತ್ರೆ ಮತ್ತು ನರ್ಸಿಂಗ್ ಹೋಮ್‌ಗಳು ಭಾರತದಿಂದ ದಾದಿಯರನ್ನು ಕರೆಸಿಕೊಳ್ಳುತ್ತಿದ್ದವು. ಕೇರಳದ ಹುಡುಗಿಯರು ಗುಂಪು ಗುಂಪಾಗಿ ಹೋಗುತ್ತಿದ್ದರು, ಅವರ ಹಿಂದೆ ನಮ್ಮಂಥವರು ಒಬ್ಬಿಬ್ಬರು. 2004ರಲ್ಲಿ ನಾನು ಇಂಗ್ಲೆಂಡಿನ ಪೂರ್ವಕ್ಕಿರುವ ಲಿಂಕನ್‌ಶೈರ್‌ನ ಒಂದು ಸಣ್ಣ ಊರಿಗೆ ಹೋದೆ. ಇಂಗ್ಲೆಂಡ್ ಎಂದರೆ ಲಂಡನ್ ಎಂದುಕೊಂಡಿದ್ದವಳಿಗೆ ಅಲ್ಲಿ ಕಂಡದ್ದು ಕೋಸು, ಆಲೂಗಡ್ಡೆಯ ಹೊಲ. ನೆಲ ಎಷ್ಟು ಸಪಾಟು ಅಂದರೆ ಕೊಟ್ಟೂರು ಸೀಮೆಯ ಎರೆಹೊಲಗಳ ನಡುವೆ ನಿಂತ ಹಾಗೆಯೇ, ಗಾಳಿಗೆ ಅಡ್ಡ ಏನೂ ಇಲ್ಲ. ನನ್ನ ಕೆಲಸದ ಜಾಗ ಊರಿನ ಹೊರಗೆ, ಬೆಳಗಿನ ಪಾಳಿ ಏಳಕ್ಕೆ ಶುರು, ಮೊದಲ ಬಸ್ಸು ಬರುವುದು ಏಳರ ನಂತರ. ಭಾನುವಾರ ಬಸ್ಸೇ ಇಲ್ಲ. ಬಸ್ಸಿನ ಹೊತ್ತು ಹೊಂದುವುದಿಲ್ಲ ಎಂಬ ನಮ್ಮ ಮನೆಯ ಹಳೆಯ ಕಷ್ಟ ಅಷ್ಟು ದೂರ ಬಂದು ಕಾದಿತ್ತು.

ಅಲ್ಲಿನ ನಿಯಮ ಓದಿದಾಗ ಒಂದು ವಿಷಯ ಗೊತ್ತಾಯಿತು. ಭಾರತದ ಲೈಸೆನ್ಸ್ ಇದ್ದವರು ಬ್ರಿಟನ್ನಿನಲ್ಲಿ ನೆಲೆಸಿದ ದಿನದಿಂದ 12 ತಿಂಗಳು, ಆ ಲೈಸೆನ್ಸಿನಲ್ಲಿ ಓಡಿಸಲು ಅನುಮತಿ ಇರುವ ಸಣ್ಣ ವಾಹನ ಓಡಿಸಬಹುದು. ಆಮೇಲೆ ಅಲ್ಲಿನದೇ ತೆಗೆದುಕೊಳ್ಳಬೇಕು, ಕೆಲವು ದೇಶದವರ ಹಾಗೆ ಬದಲಾಯಿಸಿಕೊಳ್ಳಲು ಭಾರತದವರಿಗೆ ಬರುವುದಿಲ್ಲ. ನನ್ನ ಟ್ರಂಕಿನಲ್ಲಿ ಹೊಸಪೇಟೆಯ ಪುಟ್ಟ ಪುಸ್ತಕ ಇತ್ತು. ಸಹೋದ್ಯೋಗಿಯೊಬ್ಬಳು ಕಾರು ಕೊಂಡಿದ್ದರಿಂದ ತನ್ನ ಹಳೆಯ 50 ಸಿಸಿ ಸ್ಕೂಟರ್ ಮಾರುತ್ತಿದ್ದಳು. ಅದು ಪಿಯಾಜಿಯೊ ಜಿಪ್. ಲೂನಾದ ಮೂಲ ವಿನ್ಯಾಸ ಮಾಡಿದ ಅದೇ ಕಂಪನಿ. ವಿಮೆಯವರು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, ಲೈಸೆನ್ಸ್ ಪಡೆದದ್ದು ಯಾವಾಗ? 1997 ಎಂದೆ. ಅವರು ಬರೆದುಕೊಂಡರು. ಊರ ಬಾಯಿ ಮುಚ್ಚಿಸಲು ಅಪ್ಪ ಮಾಡಿಸಿದ ಕಾಗದ ಏಳು ವರ್ಷದ ನಂತರ ನನ್ನನ್ನು ಕೆಲಸಕ್ಕೆ ಮುಟ್ಟಿಸಿತು.

ರಸ್ತೆಯ ಎಡಕ್ಕೆ ಹೋಗುವುದು ಎರಡೂ ದೇಶಕ್ಕೆ ಒಂದೇ, ಆ ತೊಂದರೆ ಇರಲಿಲ್ಲ. ಹೊಸದು ಅಂದರೆ ಚಳಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಕತ್ತಲು. ರಸ್ತೆಯ ಮೇಲೆ ಕಣ್ಣಿಗೆ ಕಾಣದ ಮಂಜುಗಡ್ಡೆಯ ಪದರ, ಅದು ಕರಗಲೆಂದು ರಾತ್ರಿ ಲಾರಿಯವರು ಎರಚಿ ಹೋದ ಉಪ್ಪು. ಅಲ್ಲಿನ ಮೊಪೆಡ್‌ಗಳು ಗಂಟೆಗೆ 45 ಕಿಲೋಮೀಟರ್ ಮೀರಿ ಹೋಗದಂತೆ ಕಾರ್ಖಾನೆಯಲ್ಲೇ ಕಟ್ಟಿ ಹಾಕಿರುತ್ತಾರೆ. ಹಿಂದೆ ಕೋಸಿನ ಲಾರಿ ಬಂದರೆ ಅದು ಹಾರ್ನ್ ಮಾಡದೆ, ದಾಟಲು ಜಾಗ ಸಿಗುವವರೆಗೆ ಹಿಂದೆಯೇ ಬರುತ್ತಿತ್ತು. ಮೊದಮೊದಲು ಆ ಮೌನವೇ ಹೆದರಿಕೆ ಹುಟ್ಟಿಸುತ್ತಿತ್ತು. ನನಗೆ ಗೊತ್ತಿದ್ದದ್ದು ಸದ್ದು ಕೇಳಿ ಊಹಿಸುವುದು. ಇಲ್ಲಿ ಸದ್ದೇ ಇಲ್ಲ.

12 ತಿಂಗಳು ಮುಗಿಯಿತು. ತಾತ್ಕಾಲಿಕ ಲೈಸೆನ್ಸ್ ತೆಗೆದುಕೊಂಡು, ಸಿಬಿಟಿ ಎಂಬ ಒಂದು ದಿನದ ಕಡ್ಡಾಯ ತರಬೇತಿಗೆ ಹೋದೆ. ಬ್ರಿಟನ್ನಿನಲ್ಲಿ ಅದು 1990ರಿಂದ ಇದೆ. ಮೊಪೆಡ್ ಓಡಿಸುವ ವಯಸ್ಸು ಅಲ್ಲಿಯೂ 16. ಯುರೋಪಿನಲ್ಲೆಲ್ಲ ಹೆಚ್ಚು ಕಡಿಮೆ ಇದೇ ಅಳತೆ, 50 ಸಿಸಿ, 45 ಕಿಲೋಮೀಟರ್ ವೇಗ, 16 ವರ್ಷ. ಫ್ರಾನ್ಸ್, ಇಟಲಿಗಳಲ್ಲಿ ಅದನ್ನು 14ಕ್ಕೆ ಇಳಿಸಿದ್ದಾರೆ, ಜರ್ಮನಿಯಲ್ಲಿ 2021ರಿಂದ 15. ಒಂದು ಮಗು ದೊಡ್ಡವರ ರಸ್ತೆಗೆ ಇಳಿಯಲು ಎಷ್ಟು ಎಂಜಿನ್ ಸರಿ ಎಂದು ಕೇಳಿದರೆ ಇಟಲಿಯಿಂದ ಹೊಸಪೇಟೆಯವರೆಗೆ ಉತ್ತರ ಒಂದೇ ಇತ್ತು ಅನ್ನುವುದು ನನಗೆ ಆಗ ಬಹಳ ಖುಷಿ ಕೊಟ್ಟಿತು.

ತರಬೇತಿಗೆ ನನ್ನ ಜೊತೆ ಇದ್ದವರು ಇಬ್ಬರು ಹುಡುಗರು, ಇಬ್ಬರಿಗೂ 16. ನನಗೆ 24. ಮೊದಲು ಕಣ್ಣಿನ ಪರೀಕ್ಷೆ, 20 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಬೇಕು. ಆಮೇಲೆ ಗಾಡಿಯ ಪರಿಚಯ, ಆಮೇಲೆ ಖಾಲಿ ಜಾಗದಲ್ಲಿ ಓಡಿಸುವುದು, ಕೊನೆಗೆ ತರಬೇತುದಾರನ ಜೊತೆ ಕನಿಷ್ಠ ಎರಡು ಗಂಟೆ ರಸ್ತೆಯ ಮೇಲೆ. ಖಾಲಿ ಜಾಗದಲ್ಲಿ ಅವರು ಪ್ಲಾಸ್ಟಿಕ್ ಶಂಕುಗಳನ್ನು ಇಟ್ಟು ಎಂಟರ ಆಕಾರ ಹಾಕಿಸಿದರು. ನಾನು ಸಲೀಸಾಗಿ ಹಾಕಿದೆ. ಹುಡುಗರಿಬ್ಬರೂ ತತ್ತರಿಸಿದರು. ಒಬ್ಬ ಕಾಲು ಊರಿದ, ಇನ್ನೊಬ್ಬ ಶಂಕು ಬೀಳಿಸಿದ. ಯಾರೂ ನಗಲಿಲ್ಲ, ಬೈಯಲಿಲ್ಲ. ತರಬೇತುದಾರ ಶಂಕು ಎತ್ತಿಟ್ಟು, ಇನ್ನೊಂದು ಸಲ ಎಂದ. ಅವನು ತೃಪ್ತನಾಗುವವರೆಗೆ ಮಾಡುತ್ತಿರಬೇಕು, ಅಷ್ಟೇ. ಅದರಲ್ಲಿ ಪಾಸು ಫೇಲು ಎಂಬುದಿಲ್ಲ.

ನಾನು ಸಿಕ್ಕಿಬಿದ್ದದ್ದು ಬೇರೆ ಕಡೆ. ತಿರುವು ತೆಗೆದುಕೊಳ್ಳುವ ಮುನ್ನ, ಕನ್ನಡಿ ನೋಡಿ, ಸಿಗ್ನಲ್ ಹಾಕಿ, ಕೊನೆಯದಾಗಿ ಒಂದು ಸಲ ಕತ್ತು ತಿರುಗಿಸಿ ಭುಜದ ಮೇಲಿಂದ ಹಿಂದೆ ನೋಡಬೇಕು. ಕನ್ನಡಿಗೆ ಕಾಣದ ಜಾಗವೊಂದು ಇರುತ್ತದೆ, ಅಲ್ಲಿ ಗಾಡಿ ಇದ್ದರೆ ಸಾವು. ಆ ನೋಟಕ್ಕೆ ಅಲ್ಲಿ 'ಲೈಫ್‌ಸೇವರ್' ಎನ್ನುತ್ತಾರೆ, ಜೀವ ಉಳಿಸುವ ನೋಟ. ಹುಡುಗರಿಬ್ಬರೂ ಸಹಜವಾಗಿ ತಿರುಗಿ ನೋಡಿದರು. ನನ್ನ ಕತ್ತು ಮಾತ್ರ ತಿರುಗಲೊಲ್ಲದು. ಕಣ್ಣನ್ನು ಅಷ್ಟೇ ಓರೆ ಮಾಡುತ್ತಿದ್ದೆ. "ಕಣ್ಣಲ್ಲ, ಗದ್ದ. ಗದ್ದ ಭುಜಕ್ಕೆ ಬರಬೇಕು" ಎಂದು ತರಬೇತುದಾರ ಹೆಲ್ಮೆಟ್ಟಿನೊಳಗಿನ ರೇಡಿಯೊದಲ್ಲಿ ಹೇಳುತ್ತಲೇ ಇದ್ದ. ಯಾಕೆ ಬರುತ್ತಿಲ್ಲ ಎಂದು ಅವನಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಗಿತ್ತು, ಹೇಳಲು ಇಂಗ್ಲಿಷ್ ಸಾಲಲಿಲ್ಲ. ಬರೀ ಒಂದು ಕತ್ತಿನ ಚಲನೆ. ಅದರ ಮೇಲೆ ಇಡೀ ಊರು ಕೂತಿತ್ತು. ಮಧ್ಯಾಹ್ನ ಆಗುವ ಹೊತ್ತಿಗೆ, ಆಲೂಗಡ್ಡೆಯ ಹೊಲಗಳ ನಡುವಿನ ರಸ್ತೆಯಲ್ಲಿ, ಅದು ಬಂತು.

ಸಂಜೆ ಕೊಟ್ಟ ಪ್ರಮಾಣಪತ್ರ ಎರಡು ವರ್ಷಕ್ಕೆ. ಗಾಡಿಯ ಮುಂದೆ ಹಿಂದೆ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಹಚ್ಚಿಕೊಳ್ಳಬೇಕು, ಹಿಂದೆ ಯಾರನ್ನೂ ಕೂರಿಸುವಂತಿಲ್ಲ, ದೊಡ್ಡ ಮೋಟಾರ್‌ವೇಗಳಿಗೆ ಹೋಗುವಂತಿಲ್ಲ. 24ನೇ ವಯಸ್ಸಿನಲ್ಲಿ, ಎಂಟು ವರ್ಷ ಗಾಡಿ ಓಡಿಸಿದ ಮೇಲೆ, ಬೆನ್ನಿಗೆ ಎಲ್ ಕಟ್ಟಿಕೊಳ್ಳುವುದು ನಾಚಿಕೆ ಅನಿಸಬೇಕಿತ್ತು. ಅನಿಸಲಿಲ್ಲ. ಇವಳು ಕಲಿಯುತ್ತಿದ್ದಾಳೆ, ಸ್ವಲ್ಪ ಜಾಗ ಬಿಡಿ ಎಂದು ಆ ಅಕ್ಷರ ಹಿಂದೆ ಬರುವವರಿಗೆಲ್ಲ ಹೇಳುತ್ತದೆ. ಹಾಡಹಗಲು, ನಡುರಸ್ತೆಯಲ್ಲಿ, ಎಲ್ಲರೂ ನೋಡುವಂತೆ ಕಲಿಯುವ ಹಕ್ಕು ಅದು. 16ನೇ ವಯಸ್ಸಿನಲ್ಲಿ ನನಗೆ ಇರಲಿಲ್ಲ. ನಮ್ಮ ಕಾನೂನಿನಲ್ಲೂ ಎಲ್ ಇದೆ, ಕಲಿಯುವವರು ಕಲಿಸುವವರನ್ನು ಬಿಟ್ಟು ಬೇರೆಯವರನ್ನು ಹಿಂದೆ ಕೂರಿಸಬಾರದು ಎಂಬುದೂ ಇದೆ. ಆದರೆ ನಮ್ಮ ಐದು ತಾಲ್ಲೂಕಿನಲ್ಲಿ ಎಲ್ ಹಚ್ಚಿಕೊಂಡ ಮೊಪೆಡ್ ಒಂದನ್ನೂ ನಾನು ನೋಡಿಲ್ಲ. ಹುಡುಗರಿಗೆ ಅದು ಅವಮಾನ. ಹುಡುಗಿಯರು ಕತ್ತಲಲ್ಲೇ ಕಲಿತು ಮುಗಿಸಿರುತ್ತಾರೆ.

ಕೆಲವು ವರ್ಷಗಳ ನಂತರ ವಾಪಸ್ ಬಂದೆ, ಈಗ ಇರುವುದು ಹೊಸಪೇಟೆಯಲ್ಲಿ. ರಜೆಯಲ್ಲಿ ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆ ಹೋದಾಗೆಲ್ಲ ಕಾಲೇಜು ಬಿಡುವ ಹೊತ್ತಿನಲ್ಲಿ ರಸ್ತೆ ನೋಡುತ್ತೇನೆ. ಹುಡುಗಿಯರು ಸ್ಕೂಟರ್ ಮೇಲೆ ಬರುತ್ತಾರೆ, ಯಾರೂ ಕಣ್ಣರಳಿಸುವುದಿಲ್ಲ. ಊರಿಗೆ ತೋರಿಸುವ ಲೈಸೆನ್ಸಿನ ಕಾಲ ಮುಗಿದಿದೆ, ಒಳ್ಳೆಯದೇ. ಆದರೆ ಕಾನೂನಿನ ಲೈಸೆನ್ಸ್ ಏನಾಗಿದೆ ನೋಡಿ. 16 ತುಂಬಿದವರಿಗೆ 50 ಸಿಸಿ ಎಂಬ ಸಾಲು ಕಾಯ್ದೆಯಲ್ಲಿ ಹಾಗೇ ಇದೆ. ಅಂಗಡಿಯಲ್ಲಿ ಆ ಗಾಡಿ ಇಲ್ಲ. ಲೂನಾ, ಟಿವಿಎಸ್ 50 ನಿಂತು ಯಾವ ಕಾಲವೋ ಆಯಿತು. ಈಗಿನ ಟಿವಿಎಸ್ ಎಕ್ಸೆಲ್ 100, 2015ರಲ್ಲಿ ಬಂದದ್ದು, ಹೆಸರೇ ಹೇಳುವಂತೆ ನೂರರ ಹತ್ತಿರ. ಉಳಿದ ಸ್ಕೂಟರ್‌ಗಳು 110, 125. 2024ರಲ್ಲಿ ಲೂನಾ ಎಂಬ ಹೆಸರು ವಿದ್ಯುತ್ ಗಾಡಿಯಾಗಿ ಮರಳಿ ಬಂತು. ಅದಕ್ಕೆ ಸಿಸಿ ಎಂಬ ಅಳತೆಯೇ ಇಲ್ಲ. ಲೈಸೆನ್ಸ್ ಬೇಡದ್ದು 250 ವ್ಯಾಟ್ ಒಳಗಿನ, ಗಂಟೆಗೆ 25 ಕಿಲೋಮೀಟರ್ ಮೀರದ ಬ್ಯಾಟರಿ ಗಾಡಿ ಮಾತ್ರ. ಹೆದ್ದಾರಿಯ ಲಾರಿಗಳ ನಡುವೆ ಅದನ್ನು ಮಗಳ ಕೈಗೆ ಕೊಡಲು ಯಾವ ಅಪ್ಪನಿಗೂ ಧೈರ್ಯ ಬರಲಿಕ್ಕಿಲ್ಲ.

ಬಾಗಿಲು ತೆರೆದೇ ಇದೆ, ಅದರಿಂದ ದಾಟುವ ಗಾಡಿ ಇಲ್ಲ. ಆದ್ದರಿಂದ 16, 17ರ ಮಕ್ಕಳು 110 ಸಿಸಿಯ ಗಾಡಿಯನ್ನು ಲೈಸೆನ್ಸ್ ಇಲ್ಲದೆ ಓಡಿಸುತ್ತಾರೆ. 2019ರ ತಿದ್ದುಪಡಿಯ ಪ್ರಕಾರ ಹೀಗೆ ಅಪ್ರಾಪ್ತರು ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಶಿಕ್ಷೆ ಕಠಿಣ ಇರಲಿ, ಅದರ ಬಗ್ಗೆ ತಕರಾರಿಲ್ಲ. ನಾನು ನರ್ಸು, ತಲೆಗೆ ಪೆಟ್ಟಾಗಿ ಬರುವ ಹುಡುಗರನ್ನು ನೋಡಿದವಳು. ನನ್ನ ತಕರಾರು, ಸರಿಯಾದ ದಾರಿಯಲ್ಲಿ ಹೋಗಬೇಕೆಂದಿರುವ 16ರ ಹುಡುಗಿಗೆ ಈಗ ದಾರಿಯೇ ಇಲ್ಲವಲ್ಲ ಎಂಬುದು. ನನಗಿದ್ದ ಆಯ್ಕೆ, ಅಪ್ಪನ ಸಹಿ, 30 ದಿನದ ಕಲಿಕೆ, ಎಂಟರ ಪರೀಕ್ಷೆ, ಇವಳಿಗೆ ಕಾಗದದ ಮೇಲಷ್ಟೇ ಉಳಿದಿದೆ. ವೇಗ ಕಟ್ಟಿಹಾಕಿದ ಒಂದು ಸಣ್ಣ ಗಾಡಿ, ಒಂದು ದಿನದ ಕಡ್ಡಾಯ ತರಬೇತಿ, ಬೆನ್ನಿಗೊಂದು ಎಲ್, ಇಷ್ಟು ಏರ್ಪಾಡು ನಮ್ಮಲ್ಲಿ ಆಗದ ಮಾತೇನಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ನಮ್ಮ ಕಡೆ ಅದರಿಂದ ಬದಲಾದದ್ದು ಸಣ್ಣದಲ್ಲ. ಅಕ್ಕ ಈಗ ಹರಪನಹಳ್ಳಿಯಿಂದ ಯಾರನ್ನೂ ದುಡ್ಡು ಕೇಳದೆ ತವರಿಗೆ ಬಂದು ಹೋಗುತ್ತಾಳೆ. ಆದರೆ ಅವಳ ಓದು ನಿಂತದ್ದು ಟಿಕೆಟ್ಟಿಗೆ ದುಡ್ಡಿಲ್ಲದೆ ಅಲ್ಲ, ಬಸ್ಸಿನ ಹೊತ್ತು ಹೊಂದದೆ. ಒಳಗಿನ ಹಳ್ಳಿಗಳಿಗೆ ಆ ಪ್ರಶ್ನೆ ಇನ್ನೂ ಇದೆ.

ಹೋದ ವರ್ಷ ಅಕ್ಕನ ಮಗಳಿಗೆ 18 ತುಂಬಿತು. ಅಲ್ಲಿಯವರೆಗೆ ಅವಳನ್ನು ಗಾಡಿ ಮುಟ್ಟಲು ಅಕ್ಕ ಬಿಟ್ಟಿರಲಿಲ್ಲ. ಕಲಿಕಾ ಲೈಸೆನ್ಸ್ ಈಗ ಮನೆಯಲ್ಲಿ ಕೂತು ಆನ್‌ಲೈನಿನಲ್ಲೇ ಆಗುತ್ತದೆ, ಹುಡುಗಿ ಅದನ್ನು ತಾನೇ ಮಾಡಿಕೊಂಡಳು. ಕಲಿಸಲು ನನ್ನನ್ನು ಕರೆದರು. ಹರಪನಹಳ್ಳಿಯ ಹೊರಗೆ ಒಂದು ಬಯಲು. ಬೆಳಗ್ಗೆ ಹತ್ತು ಗಂಟೆ, ದನ ಕಾಯುವವರು, ದಾರಿಹೋಕರು, ಎಲ್ಲರೂ ಇದ್ದ ಹೊತ್ತಿನಲ್ಲೇ ಹೋಗೋಣ ಎಂದು ನಾನೇ ಹೇಳಿದೆ. ಗಾಡಿಗೆ ಕೆಂಪು ಎಲ್ ಅಂಟಿಸಿದ್ದೆವು. ಅಕ್ಕ ಮನೆಯಿಂದ ರಂಗೋಲಿ ಪುಡಿಯ ಡಬ್ಬಿ ತಂದಿದ್ದಳು. ಬಗ್ಗಿ, ಹಿಂದಕ್ಕೆ ಹೆಜ್ಜೆ ಹಾಕುತ್ತ, ಒಂದು ಕಡೆಯೂ ಕೈ ಎತ್ತದೆ ಬಯಲ ತುಂಬ ಒಂದು ದೊಡ್ಡ ಎಂಟು ಬರೆದಳು. ಅಷ್ಟು ಅಚ್ಚುಕಟ್ಟಾದ ಎಂಟನ್ನು ನಾನು ಹೊಸಪೇಟೆಯಲ್ಲೂ ನೋಡಿಲ್ಲ, ಇಂಗ್ಲೆಂಡಿನಲ್ಲೂ ನೋಡಿಲ್ಲ.

ಹುಡುಗಿ ಎರಡು ಸಲ ಕಾಲು ಊರಿದಳು, ಮೂರನೆಯ ಸಲ ಗೆರೆಯ ಮೇಲೆ ಹೋಗಿ ರಂಗೋಲಿ ಅಳಿಸಿದಳು, ನಕ್ಕಳು. ಆಮೇಲೆ ನೇರ ಓಡಿಸುವಾಗ ನಾನು ಕಲಿಸಿದ್ದು ಒಂದೇ ಒಂದು, ತಿರುಗುವ ಮುನ್ನ ಗದ್ದ ಭುಜಕ್ಕೆ ಬರಬೇಕು. "ಹಿಂದ ತಿರುಗಿ ನೋಡು" ಎಂದು ಕೂಗಿದೆ. ಅವಳಿಗೆ ಯಾವ ಅಡ್ಡಿಯೂ ಇರಲಿಲ್ಲ, ತಟ್ಟನೆ ತಿರುಗಿ ನೋಡಿದಳು. ಅಳಿಸಿದ ಜಾಗಕ್ಕೆ ಮತ್ತೆ ಪುಡಿ ಹಾಕುತ್ತ ಅಕ್ಕ ಕೇಳಿದಳು, ಲೈಸೆನ್ಸಿಗೆ ಅರ್ಜಿ ಹಾಕಾಕ ಇಷ್ಟು ವಯಸ್ಸು ಮೀರಬಾರದು ಅಂತ ಏನಾರ ಐತೇನು? ಇಲ್ಲ ಎಂದೆ. ಹೆಚ್ಚೆಂದರೆ ಒಂದು ವೈದ್ಯಕೀಯ ಪ್ರಮಾಣಪತ್ರ ಕೇಳುತ್ತಾರೆ, ಅದನ್ನು ಮಾಡಿಸೋಣ ಎಂದೆ.